ಗಾಜಿನೆಳೆಯ ಸಾಬ್ರು

ಅವರ ಎಡಗೈ ಮಣಿಕಟ್ಟಿನ ಮೇಲೆ, ವಾಚು ಕಟ್ಟುವ ಜಾಗದಲ್ಲಿ, ಯಾವಾಗಲೂ ಕಪ್ಪು ಟೇಪು ಸುತ್ತಿರುತ್ತಿತ್ತು. ಅದೂ ಅಂಟು ಮೇಲೆ ಬರುವಂತೆ, ಮಗುಚಿ. ಕೇಬಲ್ಲಿನೊಳಗಿನ ಗಾಜಿನೆಳೆಯನ್ನು ಕತ್ತರಿಸಿದಾಗ ಸಿಡಿಯುವ ಚೂರುಗಳನ್ನು ಒಂದೂ ಬಿಡದೆ ಅದಕ್ಕೆ ಅಂಟಿಸಿಕೊಳ್ಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಟೇಪು ಬಿಸಿಲಿಗೆ ಮಿಣಮಿಣ ಎನ್ನುತ್ತಿತ್ತು. "ನಿಮ್ ಬೀದೀಲಿ ಎಲ್ರೂ ಬರಿಗಾಲಲ್ಲಿ ಓಡಾಡ್ತೀರಿ. ಒಂದು ಚೂರು ಹೊಕ್ರೆ ಹುಡುಕೋಕೆ ಆ ಅಲ್ಲಾನೇ ಬರ್ಬೇಕು" ಎನ್ನುತ್ತಿದ್ದರು.

ಬೀದಿಗೆಲ್ಲ ಅವರು ಕೇಬಲ್ ಸಾಬ್ರು. ಊರು ಚಳ್ಳಕೆರೆ. ಮೊಳಕಾಲ್ಮೂರಿನ ನಮ್ಮ ನೇಕಾರರ ಬೀದಿಗೆ ಇಂಟರ್ನೆಟ್ಟು ತಂದವರು ಅವರೇ. ಯಾರಾದರೂ ಮರೆತಾರೆಂದು ಅವರೇ ಆಗಾಗ ನೆನಪಿಸುತ್ತಲೂ ಇದ್ದರು. ಜಂಬಕ್ಕೇನೂ ಬರವಿರಲಿಲ್ಲ ಮಹಾರಾಯರಿಗೆ. ಬೀದಿಯವರ ಜೊತೆ ತೆಲುಗು, ನನ್ನ ಜೊತೆ ಕನ್ನಡ, ಯಂತ್ರ ಹಟ ಹಿಡಿದರೆ ಅದರ ಜೊತೆ ಉರ್ದು.

ಮೊದಲು ಮಾಳಿಗೆಗಳ ಮೇಲೆ ಟೀವಿ ಆಂಟೆನಾ ತಿರುಗಿಸುತ್ತಿದ್ದರಂತೆ. ಆಮೇಲೆ ಟೆಲಿಫೋನಿನ ತಾಮ್ರದ ತಂತಿ, ಕೊನೆಗೆ ಈ ಗಾಜು. ತಾಮ್ರದ ಹೆಸರೆತ್ತಿದರೆ ಉರಿದುಬೀಳುತ್ತಿದ್ದರು. "ತಾಮ್ರ ಹಾಕಿದ್ರೆ ಕಳ್ಳ ಬರ್ತಿದ್ದ, ಸಿಡಿಲೂ ಬರ್ತಿತ್ತು. ಗಾಜು ಕದ್ದು ಏನ್ ಮಾಡ್ತಾನೆ? ಸಿಡಿಲಿಗೂ ಇದು ದಾರಿ ಬಿಡಲ್ಲ." ನಮ್ಮ ಬೀದಿಗೆ ಎರಡು ಎಳೆ ಸಾಕಿತ್ತು. ಅವರು ಜಗಳ ಮಾಡಿ ಹನ್ನೆರಡು ಎಳೆಯ ಕೇಬಲ್ಲು ಎಳೆಸಿದರು. ಯಾಕೆ ಸಾಬ್ರೇ, ಉಳಿದದ್ದು ಉಪ್ಪಿನಕಾಯಿಗಾ ಎಂದು ಕೇಳಿದ್ದೆ. "ಮುಂದೆ ಬರೋರಿಗೆ ಕಣಮ್ಮ. ಗಾಜಿಗೆ ವಯಸ್ಸಾಗೋದು ನಿಧಾನ. ನಾಳೆ ಎರಡೂ ತುದೀಲಿರೋ ಡಬ್ಬಿ ಬದಲಾಯಿಸು, ಇದೇ ಎಳೇಲಿ ಇವತ್ತಿನ ಹತ್ತರಷ್ಟು ಓಡ್ತೈತೆ. ಮತ್ತೆ ರೋಡ್ ಅಗಿಯೋ ಹಂಗೇ ಇಲ್ಲ" ಎಂದರು.

ಆಗ ನಮ್ಮ ಮನೆಯಲ್ಲಿ ನಡೆಯುತ್ತಿದ್ದ ಮಾತೇ ಬೇರೆ. ಮಗ್ಗದ ಮೇಲಿರುವ ಸೀರೆ ಮುಗಿದರೆ ಮಗ್ಗ ಬಿಚ್ಚಿಬಿಡುತ್ತೇನೆ ಎಂದು ಅವ್ವ ಹಟ ಹಿಡಿದು ಕೂತಿದ್ದಳು. ಕೈಮಗ್ಗದ್ದು ಯಾವುದು, ಯಂತ್ರದ್ದು ಯಾವುದು ಎಂದು ಕೇಳುವವರೇ ಇಲ್ಲ ಎಂಬುದು ಅವಳ ಸಂಕಟ. ನಾನು ಹೇಗೋ ಆ ಸೀರೆಗೆ ಗಿರಾಕಿಯಾಗಿ ಹುಬ್ಬಳ್ಳಿಯ ಒಬ್ಬ ಮದುಮಗಳನ್ನು ಹಿಡಿದಿದ್ದೆ. ಸೀರೆ ಮಗ್ಗದ ಮೇಲಿರುವಾಗಲೇ ನೋಡಬೇಕು ಎಂದಿದ್ದಳು ಹುಡುಗಿ. ಗುಡ್ಡಗಳ ಮರೆಯ ನಮ್ಮ ಬೀದಿಯಲ್ಲಿ ಮೊಬೈಲಿನ ವಿಡಿಯೊ ನಿಂತಲ್ಲೇ ನಿಲ್ಲುತ್ತಿತ್ತು. ಅದಕ್ಕೇ ಸಾಬ್ರ ಕೈಯಲ್ಲಿ ಲೈನು ಹಾಕಿಸಿಕೊಂಡಿದ್ದೆ. ಇದೂ ಕೈಕೊಟ್ಟರೆ ಬಿಚ್ಚುವುದೇ ಎಂದು ಅವ್ವ ಮೊದಲೇ ಹೇಳಿಬಿಟ್ಟಿದ್ದಳು.

ಮದುಮಗಳು ಫೋನು ಮಾಡುವ ದಿನ ಬೆಳಿಗ್ಗೆಯೇ ಶೇಂಗಾ ಹೊಟ್ಟು ತುಂಬಿದ ಟ್ರ್ಯಾಕ್ಟರು ನಮ್ಮ ಲೈನನ್ನು ಹರಿದುಕೊಂಡು ಹೋಯಿತು. ಸಾಬ್ರು ಕೊಂಡ್ಲಹಳ್ಳಿಯಲ್ಲಿ ಕಂಬದ ಮೇಲಿದ್ದರು. "ಇಳಿದು ಬರ್ತೀನಿ, ಏನೂ ಮುಟ್ಬೇಡ" ಎಂದರು. ನಾನು ಮುಟ್ಟಲಿಲ್ಲ. ಅವ್ವ ಮುಟ್ಟಿದಳು. ಕೇಬಲ್ಲಿನ ಸಿಪ್ಪೆ ಸುಲಿದಳು, ಒಳಗೆ ಕೂದಲಿನಂಥ ಎಳೆ ಸಿಕ್ಕಿತು. ಸರಿ, ಬೆರಳಿಗೆ ಬೂದಿ ಹಚ್ಚಿಕೊಂಡು, ಮಗ್ಗದಲ್ಲಿ ಹೊಸ ಹಾಸಿನ ಎಳೆಯನ್ನು ಹಳೆಯ ಹಾಸಿನ ಎಳೆಗೆ ಕೂಡಿಸುವಂತೆ ಎರಡು ತುದಿಯನ್ನೂ ಹೊಸೆದು ಸೇರಿಸಿಬಿಟ್ಟಳು. "ಹುಟ್ಟಿದಾಗಿಂದ ಇದೇ ಮಾಡೀನಿ, ಇಷ್ಟು ಗೊತ್ತಾಗಲ್ವಾ ನಂಗೆ? ಹಾಕು ಸ್ವಿಚ್ಚು" ಎಂದಳು. ಹಾಕಿದೆ. ಇಂಟರ್ನೆಟ್ ಡಬ್ಬಿಯ ದೀಪ ಹಸಿರಾಗದೆ ಕೆಂಪಾಗಿಯೇ ಇತ್ತು. ಅವ್ವ ಮಗ್ಗದ ಕಡೆ ನೋಡಿದಳು. ನನಗೆ ಅಳು ಬಂತು.

ಸಾಬ್ರು ಬಂದರು. ಕೂಡಿಸಿದ ಜಾಗವನ್ನು ಬೆರಳಲ್ಲಿ ಸವರಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಇಲ್ಲ.

"ಎಷ್ಟು ಚಂದ ಕೂಡಿಸೀರಿ ಅವ್ವಾ, ಕೈಗೇ ಹತ್ತಲ್ಲ. ಆದ್ರೆ ರೇಷ್ಮೆ ತಬ್ಕೊಂಡ್ರೆ ಕೂಡ್ತೈತೆ, ಗಾಜು ಹಂಗಲ್ಲ. ಮುಖಕ್ಕೆ ಮುಖ ಇಟ್ರೇನೇ ಬೆಳಕು ದಾಟೋದು."

ಅವ್ವನ ಗಂಟನ್ನು ಜೋಪಾನವಾಗಿ ಕತ್ತರಿಸಿ ಜೇಬಿಗೆ ಹಾಕಿಕೊಂಡರು. ಎಳೆಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ತುದಿ ಕತ್ತರಿಸಿ, ಟಿಫಿನ್ ಡಬ್ಬಿಯಷ್ಟಿದ್ದ ಯಂತ್ರದಲ್ಲಿ ಎದುರುಬದುರು ಇಟ್ಟರು. ಅದರ ಪರದೆಯಲ್ಲಿ ಅವು ಹಗ್ಗದಷ್ಟು ದಪ್ಪ ಕಾಣುತ್ತಿದ್ದವು. ಅವ್ವನನ್ನು ಕರೆದು ತೋರಿಸಿದರು. ಒಂದು ಕಿಡಿ, ಎರಡೂ ಒಂದಾದವು. "ಇದು ನೇಯ್ಗೆಗಿಂತ ಸುಲಭ ಐತಲ್ಲಯ್ಯಾ" ಎಂದಳು ಅವ್ವ.

ಆಮೇಲೆ ಅವರ ಪದ್ಧತಿ. ಬೀದಿ ತುದಿಯ ಪೆಟ್ಟಿಗೆಯಿಂದ ಕೆಂಪು ಬೆಳಕು ಬಿಡುತ್ತಿದ್ದರು. ಮನೆಯವರು ಎಳೆಯ ತುದಿಯನ್ನು ಕಣ್ಣಿಗೆ ಹಿಡಿಯದೆ ಅಂಗೈಗೆ ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ "ಬಂತು" ಎನ್ನಬೇಕು. ಅಲ್ಲಿಯವರೆಗೆ ಟೀ ಮುಟ್ಟುತ್ತಿರಲಿಲ್ಲ. ಅವತ್ತು ಅವ್ವನ ಅಂಗೈಯಲ್ಲಿ ಕುಂಕುಮದ ಬೊಟ್ಟಿನಂತೆ ಬೆಳಕು ಕೂತಿತು. "ಬಂತು ಸಾಬ್ರೇ, ಟೀ ಇಡ್ತೀನಿ ಬರ್ರಿ" ಎಂದು ಕೂಗಿದಳು.

ಮಧ್ಯಾಹ್ನ ಮದುಮಗಳು ವಿಡಿಯೊದಲ್ಲಿ ಸೀರೆಯ ಅಂಚನ್ನು ಮತ್ತೆ ಮತ್ತೆ ತೋರಿಸಿಕೊಂಡು ನೋಡಿದಳು. "ಅಜ್ಜಿ, ಇನ್ನೊಂದ್ಸಲ ಲಾಳಿ ಹೊಡೀರಿ, ಸದ್ದು ಕೇಳ್ಬೇಕು" ಎಂದಳು. ಅವ್ವ ಒಂದೇ ಸಲಕ್ಕೆ ನಿಲ್ಲಿಸಲಿಲ್ಲ, ಮಗ್ಗದ ಮೇಲೆ ಕೂತವಳು ಸಂಜೆಯವರೆಗೆ ಏಳಲಿಲ್ಲ. ಮಗ್ಗ ಬಿಚ್ಚುವ ಮಾತು ಮತ್ತೆ ಆಡಲೂ ಇಲ್ಲ.

ನನಗೂ ಆ ಕಿಡಿಯ ಹುಚ್ಚು ಹಿಡಿಯಿತು. ಸಾಬ್ರ ಹಿಂದೆ ಬಿದ್ದು ಕಲಿತೆ. "ನಿನ್ ಕೈಯಾಗ ಬೀದೀದೇ ಚಳಕ ಐತೆ, ನನ್ನಷ್ಟಿಲ್ಲ ಬಿಡು" ಎಂದು ಹೊಗಳಿದರು. ಅದೂ ಹೊಗಳಿಕೆಯೇ.

ಹೋದ ಬೇಸಿಗೆಯಲ್ಲಿ ಸಾಬ್ರು ತೀರಿಕೊಂಡರು. ನಿದ್ದೆಯಲ್ಲೇ ಹೋದರಂತೆ. ಅವರ ಹೆಂಡತಿ ಯಂತ್ರದ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, "ನಿನಗೇ ಕೊಡ್ಬೇಕು ಅಂತ ಮೊದಲೇ ಹೇಳಿಟ್ಟಿದ್ರು" ಎಂದರು. ಮುಚ್ಚಳ ತೆಗೆದರೆ ಒಳಗಡೆ ಕಪ್ಪು ಟೇಪಿನಲ್ಲಿ ಅಂಟಿಸಿದ್ದ ಅವ್ವನ ಗಂಟು. ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಅದನ್ನೇ ನೋಡುತ್ತ ಬಂದೆ.

ಕಳೆದ ವಾರ ಎದುರುಮನೆಯ ಅತ್ತಿಗೆ ಬಂದಳು. ನಾನೂ ನಮ್ಮ ಮಗ್ಗ ಬಿಚ್ಚಬೇಕೆಂದಿದ್ದೆ, ಅದರ ಬದಲು ಲೈನು ಹಾಕಿಕೊಡು ಎಂದಳು. ಸಾಬ್ರು ಮುಂದೆ ಬರುವವರಿಗೆಂದು ಸುತ್ತಿಟ್ಟಿದ್ದ ಎಳೆಗಳಲ್ಲಿ ಒಂದನ್ನು ಬಿಚ್ಚಿದೆ. ಇಷ್ಟು ವರ್ಷ ಒಮ್ಮೆಯೂ ಬೆಳಕು ಕಾಣದ ಗಾಜು, ನಿನ್ನೆ ಎಳೆದಂತಿತ್ತು. ಅತ್ತಿಗೆಗೆ ತುದಿ ಹಿಡಿಯಲು ಹೆದರಿಕೆ, ಅವ್ವನೇ ಹೋಗಿ ಅಂಗೈ ಒಡ್ಡಿ ಕೂತಳು. ನಾನು ಬೀದಿ ತುದಿಯಿಂದ ಕೆಂಪು ಬೆಳಕು ಬಿಟ್ಟೆ.

"ಬಂತು ಸಾಬ್ರೇ, ಟೀ ಇಡ್ತೀನಿ ಬರ್ರಿ."

ಬೀದಿಗೆಲ್ಲ ಕೇಳಿಸಿತು. ಯಾರೂ ಅವಳನ್ನು ತಿದ್ದಲಿಲ್ಲ. ನಾನು ಕೊನೆಯ ಚೂರನ್ನು ಮಣಿಕಟ್ಟಿನ ಟೇಪಿಗೆ ಅಂಟಿಸಿಕೊಂಡು ಟೀ ಕುಡಿಯಲು ಹೋದೆ.