ಪಾನಿಪುರಿ ಅಂಗಡಿಯಲ್ಲಿ ತಪಾಸಣೆ

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ಸಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಕೇಳಿದವರಿಗೆ ಕೇಳಿದಂತೆ ಕಂಪ್ಯೂಟರ್ ಜೋಡಿಸಿ ಆನ್‌ಲೈನಿನಲ್ಲಿ ಮಾರಲು ಶುರುಮಾಡಿದ ಮೇಲೆ ಆ ಗುಣ ಇನ್ನೂ ಬಲಿಯಿತು. ಅನುಮಾನದಲ್ಲಿ ಕೊಳ್ಳುವವರೂ ಕಡಿಮೆಯೇನಲ್ಲ. ವಿಳಾಸದಲ್ಲಿ ಕೆಜಿಎಫ್ ಎಂದು ಕಂಡರೆ "ಅಂಗಡಿ ನಿಜವಾಗ್ಲೂ ಇದೆಯಾ?" ಎನ್ನುತ್ತಾರೆ. ಫೋನಿನಲ್ಲಿ ಹೆಣ್ಣು ದನಿ ಕೇಳಿದರೆ "ಜೋಡಿಸೋರಿಗೆ ಕೊಡಿ" ಎನ್ನುತ್ತಾರೆ. "ಜೋಡಿಸೋಳೇ ಮಾತಾಡ್ತಿರೋದು" ಎಂದರೆ ಅರ್ಧ ಜನ ಫೋನ್ ಇಟ್ಟುಬಿಡುತ್ತಾರೆ.

ಒಮ್ಮೆ ಕೊಂಡವನೊಬ್ಬ ಕಂಪ್ಯೂಟರಿನೊಳಗಿನ ಹೊಸ ಮೆಮೊರಿ ಪಟ್ಟಿ ತೆಗೆದುಕೊಂಡು, ಅದರ ಜಾಗಕ್ಕೆ ಹಳೆಯದೊಂದನ್ನು ಸಿಕ್ಕಿಸಿ, ಕೆಲಸ ಮಾಡುತ್ತಿಲ್ಲ ಎಂದು ವಾಪಸು ಕಳಿಸಿದ್ದ. ಅವತ್ತಿನಿಂದ ಪ್ರತಿ ಬಿಡಿಭಾಗದ ಮೂಲೆಗೂ ಕೆಂಪು ನೈಲ್ ಪಾಲಿಶಿನ ಚುಕ್ಕೆ ಇಟ್ಟೇ ಕಳಿಸುತ್ತೇನೆ. ನನ್ನ ಉಗುರಿಗಿಂತ ಹೆಚ್ಚು ಯಂತ್ರಗಳಿಗೇ ಹಚ್ಚಿದ್ದೇನೆ.

ಕಳೆದ ಮದುವೆ ಸೀಸನ್ನಿನಲ್ಲಿ ಮಾಲೂರಿನ ಫೋಟೋ ಸ್ಟುಡಿಯೋದವರೊಬ್ಬರು ವಿಡಿಯೋ ಎಡಿಟಿಂಗಿಗೆಂದು ನನ್ನಿಂದ ಒಂದು ಕಂಪ್ಯೂಟರ್ ಕೊಂಡರು. ಕೆಲವು ದಿನ ಕಳೆದು ಫೋನ್ ಬಂತು. ಅದು ಆನ್ ಆಗುತ್ತಿಲ್ಲವಂತೆ. "ಸರಿಮಾಡ್ಕೊಡ್ದಿದ್ರೆ ಇವ್ರು ಮೋಸ ಮಾಡ್ತಾರೆ ಅಂತ ನಿಮ್ ಪೇಜಲ್ಲೇ ಬರೀತೀನಿ" ಎಂದರು. ಅಂಥ ಒಂದು ಮಾತು ಬಿದ್ದರೆ ನನ್ನ ವ್ಯಾಪಾರ ಅಲ್ಲಿಗೆ ಮುಗಿಯಿತು. ಈ ಮನುಷ್ಯನೂ ಮೆಮೊರಿ ಕದ್ದಿದ್ದಾನೆ ಎಂದೇ ತೀರ್ಮಾನಿಸಿದೆ.

ಅವರು ನಮ್ಮ ಮನೆಗೆ ಬರಲೊಲ್ಲರು, ನಾನು ಅವರ ಸ್ಟುಡಿಯೋಗೆ ಹೋಗಲೊಲ್ಲೆ. ಕೊರಿಯರ್ ಮೇಲೆ ಇಬ್ಬರಿಗೂ ನಂಬಿಕೆಯಿಲ್ಲ. ಕೊನೆಗೆ ಬಂಗಾರಪೇಟೆ ಸ್ಟೇಷನ್ ಹತ್ತಿರದ ಒಂದು ಪಾನಿಪುರಿ ಅಂಗಡಿಯನ್ನು ಗೊತ್ತುಮಾಡಿಕೊಂಡೆವು. ಚಿನ್ನದ ಗಣಿ ಮುಚ್ಚುವವರೆಗೂ ಅದರೊಳಗೆ ದುಡಿದ ನಮ್ಮಪ್ಪ ಪುಟ್ಟ ಮಾನಿಟರ್ ಹೊತ್ತು ನನ್ನ ಜೊತೆ ಬಂದ. ಅಂಗಡಿಯವನು ಪ್ಲಗ್ಗು ಕೊಡಲಿ ಎಂದು ಮೂರು ಪ್ಲೇಟ್ ಹೇಳಿದೆ.

ಅವರು ತಂದಿಟ್ಟ ಯಂತ್ರ ಬಿಚ್ಚುವ ಮೊದಲು ಅವರ ಕೈಚೀಲದ ಮೇಲೆ ನನ್ನ ಕಣ್ಣು ಬಿತ್ತು. ಕದ್ದದ್ದನ್ನು ಅಲ್ಲಿಟ್ಟುಕೊಂಡು ನನ್ನ ಕಣ್ಣು ತಪ್ಪಿಸಿ ವಾಪಸು ಸಿಕ್ಕಿಸಿಬಿಟ್ಟರೆ? "ಸರ್, ಚೀಲ ಒಂದ್ಸಲ ತೋರಿಸಿ" ಎಂದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರು ಊಟದ ಡಬ್ಬಿ, ಟವೆಲ್ಲು, ಶುಗರ್ ಮಾತ್ರೆಗಳನ್ನು ತೆಗೆದು ಮೇಜಿನ ಮೇಲಿಟ್ಟರು.

"ಜೇಬೂ ನೋಡ್ತೀರಾ ಮೇಡಂ?"

"ತೋರಿಸಿ" ಎಂದೆ. ಅಪ್ಪ ತಟ್ಟೆ ಬಿಟ್ಟು ಎದ್ದು ಹೊರಗೆ ಹೋದ.

ಒಳಗೆ ನನ್ನ ಚುಕ್ಕೆಗಳೆಲ್ಲ ಹಾಗೇ ಇದ್ದವು. ಆದರೆ ಮೆಮೊರಿಯ ಹಿಂಬದಿಯಲ್ಲಿ ನಾನು ಎಳೆಯದ ಒಂದು ಪೆನ್ನಿನ ಗೀಟಿತ್ತು. ಇದೇನೆಂದು ಕೇಳಿದೆ.

"ನಾನೇ ಎಳ್ದಿದ್ದು ಮೇಡಂ, ಬಂದ ದಿನಾನೇ. ನಾಳೆ ರಿಪೇರಿ ಅಂತ ತಗೊಂಡು ನೀವೇ ಬದ್ಲಾಯಿಸಿಬುಟ್ರೆ?"

ಗೀಟೆಳೆಯಲೆಂದು ಹೊರತೆಗೆದವರು ವಾಪಸು ಸರಿಯಾಗಿ ಒತ್ತಿರಲಿಲ್ಲ. ಅಷ್ಟೇ ದೋಷ. ಟಕ್ಕೆನ್ನುವವರೆಗೆ ಒತ್ತಿದೆ, ಆನ್ ಆಯಿತು. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಮಾತ್ರೆಗಳನ್ನು ಚೀಲಕ್ಕೆ ಹಾಕಿಕೊಂಡು, ನನಗೆ ಕೈಮುಗಿದು, ಯಂತ್ರ ಎತ್ತಿಕೊಂಡು ಸ್ಟೇಷನ್ನಿನ ಕಡೆ ನಡೆದರು.

ನಾವು ಊರಿಗೆ ವಾಪಸಾಗುವ ಮಾರಿಕುಪ್ಪಂ ರೈಲಿನಲ್ಲಿ ಕೂತಿದ್ದಾಗ ಫೋನ್ ಸದ್ದು ಮಾಡಿತು. ನನ್ನ ಪೇಜಿನಲ್ಲಿ ಅವರು ಬರೆದಿದ್ದರು: "ಒಳ್ಳೆ ಕಂಪ್ಯೂಟರ್. ನಂಬಿ ಕೊಳ್ಳಬಹುದು." ಹಿಗ್ಗಿನಿಂದ ಅಪ್ಪನಿಗೆ ಗಟ್ಟಿಯಾಗಿ ಓದಿದೆ. "ನೋಡಪ್ಪ, ಚೀಲ ಬಿಚ್ಚಿಸಿದ್ದಕ್ಕೆ ನೀನು ಎದ್ದು ಹೋದೆ. ಅವ್ರಿಗೇನೂ ಬೇಜಾರಿಲ್ಲ" ಎಂದೆ.

ಅಪ್ಪ ಕಿಟಕಿಯಾಚೆ ನೋಡುತ್ತಿದ್ದ. "ಗಣಿಯಿಂದ ಮ್ಯಾಲಕ್ಕೆ ಬಂದಾಗೆಲ್ಲ ಗೇಟಲ್ಲಿ ಮೈಯೆಲ್ಲ ತಡಕೋರು ಕಣಮ್ಮ, ಚಿನ್ನ ಕದ್ದಿದ್ದೀನೇನೋ ಅಂತ. ಬಾಯ್ ತೆಗ್ಸಿ ನೋಡೋರು. ಒಂದಿನಾನೂ ಏನೂ ಸಿಕ್ಲಿಲ್ಲ. ಆದ್ರೂ ದಿನಾ ಅವ್ರಿಗೊಂದು ನಮಸ್ಕಾರ ಆಕ್ಬುಟ್ಟೇ ಮನೇಗ್ ಬತ್ತಿದ್ದೆ."

ಫೋನನ್ನು ಚೀಲಕ್ಕೆ ಹಾಕಿದೆ. ಅವರು ಬರೆದದ್ದನ್ನು ಮತ್ತೊಮ್ಮೆ ಓದಲು ನನಗೆ ಮುಖವಿರಲಿಲ್ಲ.