ಕಸ್ತೂರೆವ್ವನ ಚರಗ

ದೇವಣಗಾಂವದಲ್ಲಿ ಕಸ್ತೂರೆವ್ವನನ್ನು ಆಕೆಯ ಮನೆಯಲ್ಲೇ ಕಂಡವರು ಕಡಿಮೆ. ಬೆಳಗ್ಗೆ ಕಸ ಹೊಡೆದು ಬೀಗ ಹಾಕಿದರೆ ಮತ್ತೆ ತೆಗೆಯುವುದು ಮಲಗುವ ಹೊತ್ತಿಗೇ. ಯಾರ ಮನೆಯಲ್ಲಿ ಶಾವಿಗೆ ಹೊಸೆಯುತ್ತಾರೆ, ಯಾರ ಮನೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ, ಅಲ್ಲಿಗೆ ಕರೆಯದಿದ್ದರೂ ಹಾಜರು. "ಒಬ್ಬಾಕಿಗೆ ಏನ್ ಒಲಿ ಹಚ್ಚೂದು?" ಎನ್ನುತ್ತಿದ್ದಳು. ಜನ ಅದನ್ನು ಜಿಪುಣತನ ಅಂದರು. ಎಲುಬಿಲ್ಲದ ನಾಲಿಗೆ, ಏನೂ ಅಂದೀತು. ನಿಜವೇನೆಂದರೆ, ಐವತ್ತೆಂಟರ ಆ ಹೆಂಗಸಿಗೆ ತನ್ನ ಜೊತೆ ತಾನಿರುವುದೇ ಸೇರುತ್ತಿರಲಿಲ್ಲ.

ಹತ್ತೊಂಬತ್ತಕ್ಕೆ ಮುದ್ದೇಬಿಹಾಳದ ಕಡೆ ಮದುವೆ ಮಾಡಿ ಕೊಟ್ಟಿದ್ದರು. ಎರಡು ವರ್ಷ ಬಾಳಿದಳು. ಒಂದು ಮಧ್ಯಾಹ್ನ ಗಂಡ ತಾಟು ದೂಡಿ, "ನಿನ್ನ ಮುಂದ ಕುಂತು ಉಂಡ್ರ ತುತ್ತು ಗಂಟಲಾಗ ಇಳಿಯೂದಿಲ್ಲ" ಎಂದು ಎದ್ದುಹೋದ. ತಿಂಗಳೊಪ್ಪತ್ತಿನಲ್ಲಿ ತವರಿನ ಬಸ್ಸು ಹತ್ತಿಸಿ ಕೈ ತೊಳೆದುಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದವನ ಪಾಲಿಗೆ ಹೋಯಿತು, ಸರಿ. ಕೇಳಿದವಳ ಹತ್ತಿರ ಅದು ಮೂವತ್ತೇಳು ವರ್ಷ ಉಳಿಯಿತು.

ಅಣ್ಣ ಶ್ರೀಶೈಲಪ್ಪನ ಮನೆಯಲ್ಲಿ ಆಕೆ ರೊಟ್ಟಿ ಬಡಿದಳು, ಬಾಣಂತನ ಮಾಡಿದಳು, ಬಂದವರಿಗೆಲ್ಲ ಒತ್ತಾಯ ಮಾಡಿ ಬಡಿಸಿದಳು. ತಾನು ಮಾತ್ರ ಎಲ್ಲರದಾದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಕದ್ದು ತಿನ್ನುವವಳಂತೆ ನಾಲ್ಕು ತುತ್ತು ನುಂಗಿ ಏಳುತ್ತಿದ್ದಳು. ಕನ್ನಡಿ ನೋಡುತ್ತಿರಲಿಲ್ಲ. ಕುಂಕುಮವನ್ನೂ ಅಂದಾಜಿನ ಮೇಲೆ ಇಟ್ಟುಕೊಳ್ಳುವಳು. ಎಷ್ಟೋ ದಿನ ಅದು ಹುಬ್ಬಿನ ಮೇಲೆ ಸೊಟ್ಟಗೆ ಕೂತಿರುತ್ತಿತ್ತು.

ಮೂರು ವರ್ಷದ ಹಿಂದೆ ಶ್ರೀಶೈಲಪ್ಪ ತೀರಿಕೊಂಡ. ಸಾಯುವ ಮುನ್ನ ತಂಗಿಯ ಹೆಸರಿಗೆ ಎರಡು ಎಕರೆ ಎರೆಹೊಲ, ಓಣಿಯ ತುದಿಯ ಎರಡು ಕೋಣೆ ಬರೆದಿಟ್ಟಿದ್ದ. ಪುಣ್ಯಾತ್ಮ ಒಳ್ಳೆಯದನ್ನೇ ಮಾಡಿದ. ಆಕೆಗೆ ಮಾತ್ರ ಅದು ಮನೆಯಿಂದ ಹೊರಗೆ ಹಾಕಿದಂತೆ ಕಂಡಿತು. ಹೀಗಿರುವಾಗ ಅಣ್ಣನ ಮಗ ಅನೀಲಕುಮಾರ ಒಂದು ದಿನ, "ಅತ್ತಿ, ಹೊಲ ನನ್ನ ಹೆಸರಿಗೆ ಮಾಡಿಬಿಡು. ನಮ್ಮ ಮನ್ಯಾಗ ಬಂದಿರು, ಎಲ್ಲಾರೂ ಕೂಡಿ ಉಣ್ಣೂಣು" ಎಂದ. ಹುಡುಗ ಕೆಟ್ಟವನಲ್ಲ, ಲೆಕ್ಕದವನು ಅಷ್ಟೇ. ಅವನ ಮಾತು ಮುಗಿಯುವ ಮೊದಲೇ ಕಸ್ತೂರೆವ್ವ ಹೂಂ ಅಂದಾಗಿತ್ತು. ಎಳ್ಳಮಾಸಿ ಹಬ್ಬ ಮುಗಿದ ಸೋಮವಾರ ಸಿಂದಗಿಗೆ ಹೋಗಿ ಸಹಿ ಹಾಕುವುದೆಂದು ಠರಾವಾಯಿತು. ಎರಡು ಎಕರೆ ಕೊಟ್ಟು ಊಟದ ಸಾಲಿನಲ್ಲಿ ಒಂದು ಜಾಗ ಕೊಳ್ಳುವ ವ್ಯಾಪಾರ!

ಎಳ್ಳಮಾಸಿಯ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ತೆನೆ ಹೊತ್ತ ಭೂಮಿ ಆಗ ಬಸುರಿ. ಅವಳಿಗೆ ಬಯಕೆಯ ಊಟವೆಂದು ಮಾಡಿದ ಅಡುಗೆಯನ್ನು ಬೆಳೆಯ ನಡುವೆ ಚೆಲ್ಲುವುದೇ ಚರಗ. ಕಸ್ತೂರೆವ್ವ ನಸುಕಿನಲ್ಲೆದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ, ಶೇಂಗಾ ಹೋಳಿಗೆ ಮಾಡಿ ಬುಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಳು. ಅನೀಲಕುಮಾರನ ಟ್ರ್ಯಾಕ್ಟರ್ ಬಂತು. ಅದರ ತುಂಬ ಇಂಡಿಯಿಂದ ಬಂದ ಅವನ ಬೀಗರು.

"ಅತ್ತಿ, ಜಾಗ ಇಲ್ಲ ನೋಡು. ಎರಡನೇ ಟ್ರಿಪ್ಪಿಗೆ ಬರ್ತೇನಿ, ಇಲ್ಲೇ ಕುಂತಿರು."

"ಆತಪಾ, ಆತು. ನೀವು ನಡೀರಿ."

ಹನ್ನೊಂದಾಯಿತು, ಹನ್ನೆರಡಾಯಿತು, ಒಂದು ಹೊಡೆಯಿತು. ಓಣಿಯ ಬಾಗಿಲಿಗೆಲ್ಲ ಬೀಗ. ಓಡಿಹೋಗಿ ಕೂರಲು ಅವತ್ತು ಯಾರ ಮನೆಯೂ ಇರಲಿಲ್ಲ. ತನ್ನನ್ನು ಮರೆತಿದ್ದಾರೆ ಎಂದು ಆಕೆಗೆ ಗೊತ್ತಾಯಿತು. ಬುಟ್ಟಿ ಒಳಗಿಟ್ಟು ಮುಸುಕು ಹಾಕಿ ಮಲಗಬೇಕು ಎನ್ನಿಸಿತು. ಅಷ್ಟರಲ್ಲಿ ಹೊಲ ನೆನಪಾಯಿತು. ಸೋಮವಾರದ ಮೇಲೆ ಅದು ತನ್ನದಲ್ಲ, ನಿಜ. ಇವತ್ತು ತನ್ನದೇ. ಬಸುರಿಯನ್ನು ಉಪವಾಸ ಇಡುವುದುಂಟೆ? ಎದ್ದು ಬುಟ್ಟಿ ತಲೆಯ ಮೇಲಿಟ್ಟಳು, ತಂಬಿಗೆ ಕೈಯಲ್ಲಿ ಹಿಡಿದಳು.

ದಾರಿಯುದ್ದಕ್ಕೂ ಮಂದಿ ಹೊಲಗಳಲ್ಲಿ ಗುಂಪುಗೂಡಿ ಉಣ್ಣುತ್ತಿದ್ದರು. "ಒಬ್ಬಾಕಿನ ಹೊಂಟೀಯೇನ ಬೇ? ಬಾ, ಇಲ್ಲೇ ಉಣ್ಣು" ಎಂದು ಓಣಿಯ ರೇವವ್ವ ತನ್ನ ಬದುವಿನಿಂದ ಕೂಗಿದಳು. ಬೇರೆ ದಿನವಾಗಿದ್ದರೆ ಕಸ್ತೂರೆವ್ವ ಅಲ್ಲೇ ಕೂತುಬಿಡುತ್ತಿದ್ದಳು. ಇವತ್ತು ನಾಚಿಕೆಗೆ ಸೆರಗು ಮುಂದಕ್ಕೆ ಎಳೆದುಕೊಂಡಳು, ನಡೆದೇ ನಡೆದಳು.

ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪೂಜೆ ಮಾಡಿದಳು. ಇನ್ನು ಚರಗ. ಅದು ಇಬ್ಬರ ಕೆಲಸ. ಮುಂದಿನವರು "ಹುಲ್ಲುಲ್ಲಿಗೋ" ಎಂದು ಕೂಗಿ ಅಡುಗೆ ಚೆಲ್ಲಬೇಕು, ಹಿಂದಿನವರು "ಸಲಾಂಬ್ರಿಗೋ" ಎಂದು ಓಗೊಟ್ಟು ನೀರು ಚಿಮುಕಿಸಬೇಕು. ಅಣ್ಣ ಇರುವ ತನಕ ಅವನು ಮುಂದೆ, ಇವಳು ತಂಬಿಗೆ ಹಿಡಿದು ಹಿಂದೆ. ಜೀವಮಾನವಿಡೀ ಓಗೊಟ್ಟವಳೇ ಹೊರತು ಒಮ್ಮೆಯೂ ಕೂಗಿದವಳಲ್ಲ.

"ಹುಲ್ಲುಲ್ಲಿಗೋ" ಎಂದಳು. ಪಕ್ಕದ ತೆನೆಗೂ ಕೇಳಿಸಲಿಲ್ಲ. ಮತ್ತೊಮ್ಮೆ ಗಟ್ಟಿಯಾಗಿ ಕೂಗಿ, ಕಡುಬಿನ ಚೂರು ಜೋಳದೊಳಗೆ ಎಸೆದು ನಿಂತಳು. ಅಭ್ಯಾಸಬಲ, ಹಿಂದಿನಿಂದ ಯಾರೋ ಓಗೊಡುತ್ತಾರೆ ಎಂದು ಕಾದಳು. ಯಾರು ಓಗೊಡಬೇಕು? ಆಗ ಬಂದ ದುಃಖ ಅಷ್ಟಿಷ್ಟಲ್ಲ. ಬದುವಿನ ಮೇಲೆ ಕುಕ್ಕರಿಸಿ, ಯಾರೂ ಕೇಳುವವರಿಲ್ಲದ್ದರಿಂದ ಬಾಯಿಬಿಟ್ಟು ಅತ್ತಳು.

ಅತ್ತು ಮುಗಿದ ಮೇಲೂ ಹೊಲ ಹಾಗೇ ಕಾಯುತ್ತಿತ್ತು. ಎದ್ದಳು, ತಂಬಿಗೆ ಬಗ್ಗಿಸಿದಳು. "ಸಲಾಂಬ್ರಿಗೋ!" ಎಂದು ತಾನೇ ಓಗೊಟ್ಟಳು. ಗುಬ್ಬಿಗಳು ಭರ್ ಎಂದು ಎದ್ದವು. ಇನ್ನೊಮ್ಮೆ ಕೂಗಿದಳು, ಇನ್ನೊಮ್ಮೆ ಓಗೊಟ್ಟಳು. ಹೊಲದ ನಾಲ್ಕೂ ದಿಕ್ಕು ಸುತ್ತುವಷ್ಟರಲ್ಲಿ ಆಕೆಗೆ ಒಂದು ವಿಷಯ ಹೊಸದಾಗಿ ತಿಳಿದಿತ್ತು. ತನ್ನ ದನಿ ಚೆನ್ನಾಗಿತ್ತು. ಅದು ಆಕೆಗೆ ಸೇರಿತು.

ಹೊಲದಲ್ಲಿ ಮುಖ ಮಾಡಿ ಕೂರಲು ಗೋಡೆ ಇರಲಿಲ್ಲ. ಬನ್ನಿಯ ನೆರಳಲ್ಲಿ ಚಕ್ಕಳಮಕ್ಕಳ ಹಾಕಿ ತಾಟಿಗೆ ಬಡಿಸಿಕೊಂಡಳು. ಪುಂಡಿಪಲ್ಯ ಹದವಾಗಿತ್ತು. ಇಷ್ಟು ವರ್ಷ ಮಂದಿ ಹೊಗಳುತ್ತಿದ್ದುದು ಸುಳ್ಳಲ್ಲ ಎಂದುಕೊಂಡಳು. ಒಂದು ಹೋಳಿಗೆ ಮುಗಿಯಿತು. ಕೈ ತೊಳೆಯಬೇಕೆಂದವಳು ತಡೆದಳು.

"ಇನ್ನೊಂದು ಹಾಕ್ಕೋ ಬೇ, ನಾಚ್ಕೋಬ್ಯಾಡ" ಎಂದಳು, ತನಗೆ ತಾನೇ. ಹಾಕಿಕೊಂಡಳು. ಅವಸರವಿಲ್ಲದೆ ತಿಂದಳು.

ಬಿಸಿಲು ಇಳಿದ ಮೇಲೆ ಅನೀಲಕುಮಾರ ಮೋಟಾರ್‌ಸೈಕಲ್ ಮೇಲೆ ಗಾಬರಿಯಾಗಿ ಬಂದ. "ಮರ್ತೇಬಿಟ್ಟೆ ಅತ್ತಿ, ತಪ್ಪಾತು. ಯಾರ ಜೋಡಿ ಬಂದಿ?"

"ನಾನ ಬಂದೇನಿ. ಕುಂದ್ರು, ಹೋಳಿಗಿ ತಿನ್ನು."

ಅವನು ತಿಂದ. ತಿಂದು ಮುಗಿದ ಮೇಲೆ ಆಕೆ ಹೇಳಿದಳು.

"ಸೋಮವಾರ ಸಿಂದಗಿಗೆ ಬರೂದಿಲ್ಲಪಾ. ಹೊಲ ನನ್ನ ಹೆಸರಿಲೇ ಇರ್ಲಿ."

"ಸಿಟ್ಟಾಗಿ ಹಿಂಗಂತಿಯೇನ?"

"ಸಿಟ್ಟಿಲ್ಲ. ಹಬ್ಬಹುಣ್ಣಿವಿಗೆ ನಿಮ್ಮ ಮನಿಗೆ ಬರ್ತೇನಿ, ಉಣ್ತೇನಿ. ಉಂಡು ಹೊಳ್ಳಿ ನಮ್ಮ ಮನಿಗೆ ಹೋಗ್ತೇನಿ."

ಅವನು ಕೈ ಒರೆಸಿಕೊಂಡು ಎದ್ದ. ಗಾಡಿ ಚಾಲೂ ಮಾಡಿ, "ಹತ್ತು, ಮನಿತನಕ ಬಿಡ್ತೇನಿ. ಇಲ್ಲಿ ಒಬ್ಬಾಕಿ ಏನ್ ಮಾಡ್ತಿ?" ಎಂದ.

"ನೀ ನಡಿ" ಎಂದಳು ಕಸ್ತೂರೆವ್ವ. "ನಾ ಇನ್ನೊಂದೀಟು ಕುಂದ್ರತೇನಿ."