ಶೇಗಡಿಗೆ ಬಿದ್ದ ಬೀಜ

ಘೋಡಗೇರಿಯ ಗೆಳತಿ ಆ ಬೀಜದ ಪ್ಯಾಕೆಟ್ಟನ್ನು ನನ್ನ ಕಡೆ ಚಾಚಿದಾಗ ಅದನ್ನು ತಲೆಕೆಳಗಾಗಿ ಹಿಡಿದಿದ್ದಳು. ಅಕ್ಷರ ಅವಳಿಗೆ ಕಾಣುತ್ತಿರಲಿಲ್ಲ.

"ಎರಡು ಪ್ಯಾಕೆಟ್ ಹಾಕಿ ಕೂತೆ. ಒಂದೂ ಹುಟ್ಟಲಿಲ್ಲ. ಇದು ಕಡೀದು. ಹಿಂದ ಏನೋ ಸಣ್ಣ ಪ್ರಿಂಟ್ ಐತಿ, ನೀ ಓದು. ಇಷ್ಟು ವರ್ಷ ಇಂಗ್ಲಿಷ್ ಕಲಿಸೀದಿ, ಇವತ್ತರ ಉಪಯೋಗಕ್ಕ ಬರಲಿ" ಎಂದಳು.

ಗಸಗಸೆಯ ಬಳಗಕ್ಕೆ ಸೇರಿದ ಗಿಡ ಅದು. ಹೆಸರು ರೊಮ್ನೇಯಾ. ನಾವಿಬ್ಬರೂ ಬೆಳಗಾವಿಯ ಕಾನ್ವೆಂಟ್ ಹಾಸ್ಟೆಲಿನಲ್ಲಿದ್ದಾಗ ಚಾಪೆಲ್ಲಿನ ಹಿಂದಿನ ಗೋಡೆಗೆ ಒರಗಿಕೊಂಡು ಒಂದು ಬೆಳೆದಿತ್ತು. ನಮಗಿಂತ ಎತ್ತರ. ಇಸ್ತ್ರಿ ಮಾಡಿ ಮತ್ತೆ ಮುದುಡಿದಂಥ ಬಿಳಿ ಎಸಳು, ನಡುವೆ ಹಳದಿ ಉಂಡೆ. ದೂರದ ದೇಶದಿಂದ ಬಂದ ಒಬ್ಬ ಸಿಸ್ಟರ್ ಅದನ್ನು ನೆಟ್ಟಿದ್ದರು. ಹುಡುಗಿಯರೆಲ್ಲ ಆ ಹೂವಿಗೆ 'ಫ್ರೈಡ್ ಎಗ್' ಎನ್ನುತ್ತಿದ್ದರು. ನಾವಿಬ್ಬರೂ ಲಿಂಗ ಕಟ್ಟಿಕೊಂಡ ಮನೆಯವರು, ತತ್ತಿ ಮುಟ್ಟದವರು. ಆದ್ದರಿಂದ ಆ ಮಾತನ್ನು ಬೈಗುಳ ಆಡುವವರ ಹಾಗೆ ಕಿವಿಯಲ್ಲಿ ಹೇಳಿ ನಗುತ್ತಿದ್ದೆವು. ಆಮೇಲೆ ಅಲ್ಲಿ ಹೊಸ ಕ್ಲಾಸ್‌ರೂಮ್ ಕಟ್ಟಿದರು. ಗಿಡ ಹೋಯಿತು.

ಗೆಳತಿಗೆ ಗ್ಲಾಕೋಮಾ. ಪೈಪಿನೊಳಗಿಂದ ನೋಡಿದ ಹಾಗೆ ಕಾಣುತ್ತದೆ, ಪೈಪು ದಿನಾ ಸಣ್ಣದಾಗುತ್ತಿದೆ ಎನ್ನುತ್ತಿದ್ದಳು. ಇನ್ನು ಹದಿನೈದು ದಿನಕ್ಕೆ, ಒಂದು ಸೋಮವಾರ, ಬೆಳಗಾವಿಯಲ್ಲಿ ಆಪರೇಷನ್ ನಿಗದಿಯಾಗಿತ್ತು. ಉಳಿದದ್ದು ಉಳಿದರೆ ಉಳಿಯಿತು, ಪ್ರಾಮಿಸ್ ಮಾಡುವುದಿಲ್ಲ ಎಂದಿದ್ದರಂತೆ ಡಾಕ್ಟರು.

"ಹೂವು ಕೇಳಂಗಿಲ್ಲ ನಾ. ಹೂವಿಗೆ ಎರಡು ವರ್ಷ ಬೇಕಂತ. ಒಂದು ಮೊಳಕಿ, ನನ್ನ ಕಣ್ಣಿಂದ. ಆಮ್ಯಾಲ ಏನರ ಆಗಲಿ."

ಗೋಕಾಕ ಫಾಲ್ಸಿನ ನನ್ನ ಮನೆಗೆ ಬಂದು, ಭೂತಗನ್ನಡಿ ಹಿಡಿದು ಓದಿದೆ. ಈ ಬೀಜದ ತವರಿನ ಗುಡ್ಡಗಳಲ್ಲಿ ಕಾಡಿಗೆ ಬೆಂಕಿ ಬಿದ್ದ ಮೇಲೆಯೇ ಇದು ಏಳುವುದಂತೆ. ನೀರು ಸಾಲದು, ಹೊಗೆ ಬೇಕು. ಆದರೆ ಕಾವು ತಾಗಬಾರದು. ಎದ್ದೇಳಲು ಒಂದು ತಿಂಗಳು, ಇನ್ನೂ ಹೆಚ್ಚೇ ಬೇಕಾದೀತು ಎಂದೂ ಇತ್ತು. ಆ ಸಾಲನ್ನು ಎರಡು ಸಲ ಓದಿದೆ. ಹದಿನೈದು ದಿನವೆಲ್ಲಿ, ತಿಂಗಳೆಲ್ಲಿ! ಆದರೂ ಪ್ರಯತ್ನ ಮಾಡದೆ ಇರುವುದು ಹೇಗೆ? ಪ್ಯಾಕೆಟ್ಟಿನಲ್ಲಿ ಇಪ್ಪತ್ತು ಬೀಜಗಳಿದ್ದವು. ಕರ್ರಗೆ, ಸಣ್ಣಗೆ.

ನನ್ನ ಮನೆಯಲ್ಲಿ ಬೆಂಕಿಯೆಂದರೆ ಗ್ಯಾಸಿನ ನೀಲಿ ಉರಿ ಅಷ್ಟೇ. ಆಗ ನೆನಪಾದದ್ದು ಮೂಡಲಗಿಯ ತಂಗಿಯ ಮನೆ. ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು. ದಿನಾ ಮುಂಜಾನೆ ಕೂಸಿಗೆ ನೀರು ಹಾಕಿ ಶೇಗಡಿಯ ಕೆಂಡದ ಮೇಲೆ ಹೊಗೆ ಹಾಕುತ್ತಿದ್ದರು. ಕೆಂಡದ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂಸಿನ ಅಂಗಿ ಹರವಿ, ತೆಳ್ಳಗೆ ಬರುವ ಹೊಗೆಗೆ ಬೆಚ್ಚಗೆ ಮಾಡುವುದು. ಕಾವು ಕಡಿಮೆ, ಹೊಗೆ ಸಾಕಷ್ಟು. ಪರ್ಫೆಕ್ಟ್! ಹೊಗೆ ಹಾಕಬೇಕಂತೆ ಎಂದು ಗೆಳತಿಗೆ ಫೋನಿನಲ್ಲಿ ಹೇಳಿ, ಮರುದಿನವೇ ಬಸ್ಸು ಹತ್ತಿದೆ.

ಕೂಸಿಗೆ ನೀರು ಹಾಕಲು ಬರುವ ಮುದುಕಿ ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬೀಜಕ್ಕ ಬಾಣಂತನ ಮಾಡಿಸಾಕ ಬಂದೀರೇನ್ರಿ ಅಕ್ಕಾರ?"

"ಹೌದು ಆಯಿ. ಲೋಬಾನ ಬ್ಯಾಡ, ಅಜಿವಾನ ಬ್ಯಾಡ. ಬರೇ ಒಣ ಹುಲ್ಲು, ಒಣ ಎಲಿ."

"ಗಸಗಸಿ ಜಾತಿ ಅಂತೀರಿ. ಅಫೀಮು ಅಲ್ಲಲ್ಲಾ? ಪೊಲೀಸರು ಬಂದ್ರ ನಾ ಕೂಸಿನ ಕಡೆ ಬೆರಳು ತೋರಸಾಕಿ."

ಬುಟ್ಟಿಯ ಮೇಲೆ ಹಳೆಯ ಮಲ್‌ಮಲ್ ಬಟ್ಟೆ ಹಾಸಿ ಬೀಜ ಹರವಿದೆ. ಒಂದು ತಾಸು ಪಕ್ಕದಲ್ಲೇ ಕೂತೆ. ಬಟ್ಟೆ ಬಿಸಿಯಾಯಿತೆಂದು ಅನ್ನಿಸಿದಾಗಲೆಲ್ಲ ಬುಟ್ಟಿ ಎತ್ತಿ ಹಿಡಿದೆ. ಕಣ್ಣು ಉರಿದವು, ಕೆಮ್ಮು ಬಂತು, ಏಳಲಿಲ್ಲ. ಎಲ್ಲ ಮುಗಿದ ಮೇಲೆ ಬೀಜವನ್ನು ಕಾಗದದಲ್ಲಿ ಮಡಚಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಮುಖ ತೊಳೆಯಲು ಹಿತ್ತಲಿಗೆ ಹೋದೆ. ಕಟ್ಟೆಯ ಮೇಲೆ ಆಯಿಯ ಉಪ್ಪು, ಮೆಣಸಿನಕಾಯಿ, ಕಾಗದದಲ್ಲಿ ಮಡಚಿದ ಸಾಸಿವೆಯೂ ಇದ್ದವು. ಅದನ್ನು ನೋಡಿದ್ದೆ. ನೋಡಿಯೂ ಅಲ್ಲೇ ಇಟ್ಟೆ.

ಕೂಸು ಒಂದೇ ಸಮನೆ ಚೀರತೊಡಗಿತು. "ದೃಷ್ಟಿ ತಾಗೇತಿ" ಎನ್ನುವ ಆಯಿಯ ದನಿ ನೀರಿನ ಸಪ್ಪಳದ ನಡುವೆ ಕೇಳಿಸಿತು. ನಾನು ಒಳಗೆ ಕಾಲಿಟ್ಟಾಗ ಆಯಿ ಮುಷ್ಟಿಯನ್ನು ಕೂಸಿನ ಸುತ್ತ ಮೂರನೆಯ ಸಲ ಇಳಿಸುತ್ತಿದ್ದಳು. ಕಟ್ಟೆಯ ಮೇಲೆ ಎರಡೂ ಕಾಗದ ಬಿಚ್ಚಿ ಬಿದ್ದಿದ್ದವು.

"ಆಯಿ, ನಿಂದರ್ರಿ!"

ಮುಷ್ಟಿ ಬಿಚ್ಚಿಯಾಗಿತ್ತು. ಶೇಗಡಿಯಲ್ಲಿ ಚಟಪಟ ಶುರುವಾಯಿತು. ಯಾವ ಸದ್ದು ಸಾಸಿವೆಯದು, ಯಾವುದು ನನ್ನದು? ಇಕ್ಕಳ ಸಿಗಲಿಲ್ಲ, ಸೌಟಿನಿಂದಲೇ ಕೆಂಡಗಳನ್ನು ಒಂದೊಂದಾಗಿ ಹೊರಗೆ ಎಳೆದೆ. ಬೆರಳು ಸುಟ್ಟಿತು. ಅಂಚಿನ ತಣ್ಣನೆಯ ಬೂದಿಯಲ್ಲಿ, ನೆಲದ ಮೇಲೆ ಕೆಲವು ಕಾಳು ಸಿಡಿದು ಬಿದ್ದಿದ್ದವು. ಸಾಸಿವೆಯೂ ಕರ್ರಗೆ, ಇದೂ ಕರ್ರಗೆ.

"ನನಗೇನು ಗೊತ್ತರಿ ಅಕ್ಕಾರ" ಎಂದು ಆಯಿ ಬಾಯಿಗೆ ಸೆರಗು ಹಿಡಿದಳು. ಕೂಸು ಅಳು ನಿಲ್ಲಿಸಿತ್ತು. ಅದನ್ನು ತೋರಿಸಿ, "ಇಳೀತು ನೋಡ್ರಿ ಮತ್ತ" ಎಂದೂ ಹೇಳಿದಳು.

ಬೂದಿ, ಕಾಳು, ಕಸ ಎಲ್ಲವನ್ನೂ ಬಳಿದು ಡಬ್ಬಿಗೆ ತುಂಬಿ ತಂದೆ. ಒಂದು ಕುಂಡದಲ್ಲಿ ಮರಳು ಬೆರೆಸಿದ ಮಣ್ಣು ಹಾಕಿ ಅದರ ಮೇಲೆ ಉದುರಿಸಿದೆ. ಸಂಜೆ ಗೆಳತಿ ಫೋನ್ ಮಾಡಿದಳು.

"ಹೊಗಿ ಹಾಕಿದೇನು?"

"ಹಾಕಿದೆ. ಆಲ್ ವೆಲ್."

ಯಾಕೆ ಹಾಗೆಂದೆನೋ. ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಸುಳ್ಳು ಹೇಳಬಾರದೆಂದು ಕಲಿಸಿದ್ದರು. ಆ ಸಂಜೆ ಅದು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು.

ಐದನೆಯ ದಿನ ಮುಂಜಾನೆ ಕುಂಡದಲ್ಲಿ ಹಸಿರು. ಒಂದಲ್ಲ, ಏಳು! ತಿಂಗಳು ಬೇಕೆಂಬ ಸಣ್ಣ ಪ್ರಿಂಟು ನೆನಪಿತ್ತು. ನೆನಪಿದ್ದೂ ಫೋನ್ ಎತ್ತಿಕೊಂಡೆ. ಏಳು ಎಂಬುದನ್ನು ಅವಳು ನನ್ನಿಂದ ಎರಡು ಸಲ ಹೇಳಿಸಿದಳು. ಆಮೇಲೆ, "ರವಿವಾರ ಬರ್ತೀನಿ. ಸೋಮವಾರ ಹೆಂಗೂ ಬೆಳಗಾವಿ" ಎಂದಳು.

ಶನಿವಾರ ತಂಗಿಗೆ ವಿಡಿಯೋ ಕಾಲ್ ಮಾಡಿ ಕುಂಡ ತೋರಿಸಿದೆ. ಆಯಿಯ ಮುಖವೂ ಪರದೆಯೊಳಗೆ ತೂರಿ ಬಂತು. ಅವಳಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

"ಅಕ್ಕಾರ, ಇದು ಸಾಸಿವಿ ಬಿಡ್ರಿ. ಎಲಿ ನೋಡ್ರಿ, ತುದಿ ನಡುವ ಕಚ್ಚಿದಂಗ ಐತಿ. ಏಳಕ್ಕ ಏಳೂ ಸಾಸಿವಿ."

ಆ ದಿನವೆಲ್ಲ ಮನೆಯೊಳಗೆ ತಿರುಗಾಡಿದೆ. ಹೇಳಿಬಿಡಲೇ? ನಾಡಿದ್ದು ಆಪರೇಷನ್ ಇರುವವಳಿಗೆ? ಅವಳಿಗೆ ಕಾಣುವುದು ಹಸಿರಿನ ಒಂದು ಮಸುಕು ಅಷ್ಟೇ. ಸಾಸಿವೆಯೋ ರೊಮ್ನೇಯಾವೋ ಆ ಕಣ್ಣಿಗೆ ಒಂದೇ. ನೋಡಿ ಸಂತೋಷದಿಂದ ಹೋಗಲಿ. ಇದೇ ದಯೆ ಎಂದು ನನಗೆ ನಾನೇ ಹೇಳಿಕೊಂಡೆ. ಕುಂಡವನ್ನು ಬಾಗಿಲ ಬೆಳಕಿನಿಂದ ಸರಿಸಿ ಒಳಗಿನ ಮೂಲೆಯಲ್ಲಿಟ್ಟೆ. ದಯೆಯೇ ಆಗಿದ್ದರೆ ಅದನ್ನು ಮೂಲೆಗೆ ಸರಿಸುವುದೇಕೆ ಎಂದು ಆಗ ಕೇಳಿಕೊಳ್ಳಲಿಲ್ಲ.

ರವಿವಾರ ಅವಳು ಗೋಡೆ ಹಿಡಿದುಕೊಂಡು ಬಂದಳು. ಚಹಾ ಬೇಡವೆಂದಳು. ಕುಂಡದ ಮುಂದೆ ಕೂತು, ಬಗ್ಗಿ, ಮೂಗು ಮಣ್ಣಿಗೆ ತಾಗುವಷ್ಟು ಹತ್ತಿರ ಹೋದಳು. ಪೈಪನ್ನು ಅತ್ತ ಇತ್ತ ತಿರುಗಿಸುವವಳ ಹಾಗೆ ತಲೆ ತಿರುಗಿಸಿದಳು. ನಾನು ಹಿಂದೆ ನಿಂತಿದ್ದೆ.

"ಕಾಣ್ತಾವು" ಎಂದಳು. ಆಮೇಲೆ ಬೆರಳಿನಿಂದ ಒಂದು ಎಲೆ ತಡವಿದಳು. ಚಿವುಟಿದಳು. ಬಾಯಿಗೆ ಹಾಕಿಕೊಂಡು ಅಗಿದಳು.



"ಖಾರ ಐತಿ" ಎಂದಳು, ನನ್ನ ಕಡೆ ತಿರುಗದೆ. "ಹೊಲದ ಮನ್ಯಾಗ ಐವತ್ತು ವರ್ಷ ಬಾಳೇವು ಮಾಡೀನಿ. ನನಗ ಸಾಸಿವಿ ತೋರಸ್ತೀಯೇನ?"

ಎಲ್ಲ ಹೇಳಿದೆ. ಕಿಟಕಿಯ ಕಟ್ಟೆ, ಆಯಿಯ ಮುಷ್ಟಿ, ಬೂದಿ, ನಿನ್ನೆಯ ವಿಡಿಯೋ ಕಾಲ್. ಅವಳು ಬೈದಿದ್ದರೆ ಚಲೋ ಇತ್ತು.

"ಬೀಜ ಸುಟ್ಟದ್ದಕ್ಕ ನಾ ಏನೂ ಅನ್ನಂಗಿಲ್ಲ" ಎಂದಳು ಕಡೆಗೆ. "ಆದ್ರ ನೀ ಹಿಂಗ ಮಾಡಬ್ಯಾಡ. ನಾಳೆ ಹೆಚ್ಚುಕಡಿಮಿ ಆತಂದ್ರ, ನೀ ಹೇಳಿದ್ದನ್ನ ನಾ ನೋಡೂದು. ತಿಳೀತಿಲ್ಲೊ? ಇಲ್ಲಂದ್ರ ಇಲ್ಲ ಅನ್ನು."

ಸಾಸಿವೆಯನ್ನು ಕೀಳಹೋದೆ. ಅವಳು ನನ್ನ ಕೈ ಹಿಡಿದಳು. ಬೇರು ಎಳೆದರೆ, ಮಣ್ಣೊಳಗೆ ಆ ಬೀಜವೇನಾದರೂ ಉಳಿದಿದ್ದರೆ ಅದೂ ಅಲುಗಾಡುತ್ತದೆ, ಕತ್ತರಿ ತಾ ಎಂದಳು. ಉಗುರು ಕತ್ತರಿ ತಂದೆ. ಅವಳು ಬೆರಳಿನಿಂದ ಹುಡುಕಿ ಕಾಂಡ ಹಿಡಿಯುವಳು, ನಾನು ಮಣ್ಣಿನ ಮಟ್ಟಕ್ಕೆ ಕತ್ತರಿಸುವೆ. ಏಳೂ ಮುಗಿದ ಮೇಲೆ ಕುಂಡ ಬೋಳಾಯಿತು. ಬೋಳು ಮಣ್ಣನ್ನೇ ಅವಳು ಮತ್ತೊಂದು ಸಲ ಬಗ್ಗಿ ನೋಡಿ ಎದ್ದಳು. ಮರುದಿನ ಬೆಳಗಾವಿಗೆ ಹೋದಳು.

ಆಪರೇಷನ್ ಆಯಿತು. ಆಮೇಲೆ ದಿನಾ ಸಂಜೆ ಫೋನ್ ಮಾಡಿ "ಬಂತೇನು?" ಎಂದು ಒಂದೇ ಮಾತು ಕೇಳುತ್ತಿದ್ದಳು. ನಾನು "ಇಲ್ಲ" ಎನ್ನುತ್ತಿದ್ದೆ. ಅಷ್ಟಕ್ಕೇ ಇಡುತ್ತಿದ್ದೆವು. ಅಷ್ಟು ಸಣ್ಣ ಮಾತನ್ನು ಹೇಳಲು ನಾನು ಇಡೀ ದಿನ ತಯಾರಾಗಬೇಕಿತ್ತು.

ಬೀಜ ಉದುರಿಸಿದ ನಲವತ್ತನೆಯ ದಿನದ ಹೊತ್ತಿಗೆ ಕುಂಡದ ಅಂಚಿನಲ್ಲಿ ಏನೋ ಕಂಡಿತು. ಆ ಸಂಜೆ ಅವಳು ಕೇಳಿದಾಗ "ಏನೋ ಐತಿ, ತಡಿ, ಇನ್ನೂ ಹೇಳಾಕ ಬರಂಗಿಲ್ಲ" ಎಂದೆ. ಮೂರು ದಿನ ಬಿಟ್ಟೆ. ನಾಲ್ಕನೆಯ ದಿನ ನಾನೇ ಫೋನ್ ಮಾಡಿದೆ.

"ಒಂದು ಬಂದೈತಿ. ಸಾಸಿವಿ ಅಲ್ಲ. ಆದರ ಅದೇ ಅಂತ ಹೇಳಾಕ ನನಗ ಗೊತ್ತಾಗವಲ್ದು."

ಅವಳ ಕಣ್ಣಿನ ಪಟ್ಟಿ ತೆಗೆದಿದ್ದರು. ಮಬ್ಬು ಹರಿದೀತೋ ಇಲ್ಲವೋ ಡಾಕ್ಟರು ಇನ್ನೂ ಹೇಳಿರಲಿಲ್ಲ.

"ಹೆಂಗೈತಿ ಹೇಳು" ಎಂದಳು.

ನಾನು ನೆಲದ ಮೇಲೆ ಕೂತು, ಭೂತಗನ್ನಡಿ ಹಿಡಿದು, ನೋಡಿದ್ದನ್ನಷ್ಟೇ ಹೇಳತೊಡಗಿದೆ. ಎರಡು ಎಲೆ. ಸಣ್ಣವು, ಸಪೂರ. ತುದಿಯಲ್ಲಿ ಕಚ್ಚಿದ ಗುರುತಿಲ್ಲ. ಬಣ್ಣ ಪೂರ್ತಿ ಹಸಿರಲ್ಲ, ಬೂದಿ ಸವರಿದ ಹಾಗೆ ಇದೆ. ಒಂದು ಎಲೆಯ ಮೇಲೆ ಬೀಜದ ಕರಿ ಸಿಪ್ಪೆ ಇನ್ನೂ ಟೊಪ್ಪಿಗೆಯ ಹಾಗೆ ಕೂತಿದೆ.

"ಸಿಪ್ಪಿ ತೆಗೀಬ್ಯಾಡ" ಎಂದಳು. "ಮುಂದ ಹೇಳು."